ಗೆರೆಯಣ್ಣನ ಕಿಟಕಿ

“ತಲೆ ಕಡೆಯಿಂದ ಎತ್ತಿ! ಕಾಲಲ್ಲಪ್ಪಾ, ತಲೆ, ತಲೆ ಕಡೆ!” ಎಂದು ಬಡಗಿ ಕೂಗಿದ.

ಪೆಟ್ಟಿಗೆಯ ತಲೆಭಾಗ ಮೇಲೆದ್ದಿತು. ಬಾಗಿಲಿನಿಂದ ಅರ್ಧ ಹೊರಗೆ ಹೋಗಿ, ಎದುರಿನ ಇಟ್ಟಿಗೆ ಗೋಡೆಗೆ ಡಿಕ್ಕಿ ಹೊಡೆದು ನಿಂತಿತು. ಎಡಕ್ಕೆ ತಿರುಗಿಸಿ ನೋಡಿದರು, ಆಗಲಿಲ್ಲ. ಬಲಕ್ಕೆ ತಿರುಗಿಸಿದರು, ಕ್ರೇನ್ ಡ್ರೈವರನ ಬೆರಳು ಜಜ್ಜಿತು. ಹಾಗಾದರೆ ನಿಲ್ಲಿಸಿಯೇ ಸಾಗಿಸೋಣ ಎಂದು ಸ್ವಲ್ಪ ಓರೆ ಮಾಡಿದಾಗ ಒಳಗಿದ್ದವನು ಮೆಲ್ಲಗೆ ಜಾರಿದ ಸದ್ದು ಕೇಳಿಸಿತು. ಎಲ್ಲರೂ ಒಟ್ಟಿಗೇ ಕೈ ತಡೆದರು.

“ಇಳಿಸಿ,” ಎಂದಳು ಸತ್ತವನ ಹೆಂಡತಿ. ಅವಳು ಕೋಣೆಯ ಆಚೆ ಗೋಡೆಯ ಪರದೆಗೆ ಬೆನ್ನು ಕೊಟ್ಟು ಕೂತಿದ್ದಳು.

ಇಳಿಸಿದರು. ಪೆಟ್ಟಿಗೆಯೊಳಗಿದ್ದವನು ಗೆರೆಯಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು, ಅದನ್ನು ಊರು ಎಂದೋ ಮರೆತಿತ್ತು. ಮುದಿಯಾದ ಎಣ್ಣೆಹಡಗುಗಳನ್ನು ದಡಕ್ಕೆಳೆದು ಒಡೆಯುವ ಯಾರ್ಡಿನಲ್ಲಿ, ಕಬ್ಬಿಣವನ್ನು ಎಲ್ಲೆಲ್ಲಿ ಕತ್ತರಿಸಬೇಕು ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು ಅವನ ಕೆಲಸವಾಗಿತ್ತು. ಬೆಂಕಿ ಹಿಡಿಯುವವರು ಬೇರೆ, ಹೊರುವವರು ಬೇರೆ. ಆದರೆ ಅವನ ಗೆರೆ ಬೀಳದೆ ಯಾರೂ ಒಂದು ಕಿಡಿಯನ್ನೂ ಹಾರಿಸುವಂತಿರಲಿಲ್ಲ.

“ಒಳಗೆ ಹೇಗೆ ಬಂತು ಮಾಮ ಇದು?” ಎಂದು ಮಗಳು ಕೇಳಿದಳು. ಅವಳು ಬಸ್ ಕಂಡಕ್ಟರ್. ದುಃಖದಲ್ಲೂ ಅವಳ ಪ್ರಶ್ನೆ ಟಿಕೆಟ್ ಕೇಳಿದ ಹಾಗೇ ಇರುತ್ತಿತ್ತು.

“ಬರ್ಲಿಲ್ಲಮ್ಮ,” ಎಂದ ಬಡಗಿ. “ಹಲಗೆ ತಂದು ಇಲ್ಲೇ ಜೋಡಿಸ್ದೆ. ಬೆಳಿಗ್ಗೆ ಹಲಗೆ ಎಷ್ಟು ಸಲೀಸಾಗಿ ಬಂತು ಅಂತೀಯ…”

“ಹೊರಗೆ ಹೇಗೆ ಹೋಗುತ್ತೆ ಅಂತ ಯೋಚ್ನೆ ಮಾಡ್ಲಿಲ್ವಾ?”

ಬಡಗಿ ಪೆಟ್ಟಿಗೆಯನ್ನು ನೋಡಿದ, ಬಾಗಿಲನ್ನು ನೋಡಿದ, ಕೊನೆಗೆ ತನ್ನ ಕೈಗಳನ್ನೇ ನೋಡಿಕೊಂಡ. “ಇಲ್ಲ,” ಎಂದ.

ಪಾಪ, ತಪ್ಪು ಅವನೊಬ್ಬನದಲ್ಲ. ಅಲ್ಲಿದ್ದ ಅಷ್ಟೂ ಜನ ಮಲೆಯಂಥ ಹಡಗುಗಳನ್ನು ದಡದಿಂದ ಮಾಯ ಮಾಡಿದ ಗಟ್ಟಿಗರು. ಆದರೆ ಅವರ ಯಾರ್ಡಿನಿಂದ ಯಾವುದೂ ಇಡಿಯಾಗಿ ಹೊರಗೆ ಬಂದದ್ದಿಲ್ಲ. ಮೊದಲು ಒಳಗೇ ತುಂಡು ಮಾಡಬೇಕು, ಆಮೇಲೆ ತರಬೇಕು. ಜೀವನವಿಡೀ ಮಾಡಿದ್ದು ಅದೊಂದೇ. ಹೀಗಾಗಿ ಒಳಗೆ ಜೋಡಿಸಿದ್ದನ್ನು ಹೊರಗೆ ಒಯ್ಯುವ ಮಾತು ಯಾರ ತಲೆಗೂ ಹೊಳೆಯಲಿಲ್ಲ. ಬೆಪ್ಪುತಕ್ಕಡಿಗಳ ಹಾಗೆ ಪೆಟ್ಟಿಗೆಯ ಸುತ್ತ ನಿಂತಿದ್ದರು.

“ಬಿಚ್ಚಿ ಮತ್ತೆ ಹೊರಗೆ ಜೋಡಿಸಿದ್ರೆ?” ಎಂದು ಕ್ರೇನ್ ಡ್ರೈವರ್ ಜಜ್ಜಿದ ಬೆರಳಿಗೆ ಉಸಿರು ಊದಿಕೊಳ್ಳುತ್ತಾ ಕೇಳಿದ.

“ಮೊಳೆ ಹೊಡೆದು ಗೋಂದೂ ಹಾಕಿದೀನಿ ಕಣೋ. ಗಟ್ಟಿಯಾಗಿರ್ಲಿ ಅಂತ. ಈಗ ಬಿಚ್ಚೋಕೆ ಹೋದ್ರೆ ಹಲಗೆ ಸೀಳಿ ಹೋಗುತ್ತೆ.” ಬಡಗಿ ಪೆಟ್ಟಿಗೆಯ ಅಂಚು ಸವರಿದ. “ಅವನ್ಗೆ ಅಂತ ಹಡಗಿನ ಒಳ್ಳೇ ಮರ ಎಷ್ಟು ದಿನದಿಂದ ಎತ್ತಿಟ್ಟಿದ್ದೆ ಗೊತ್ತಾ?”

“ಎಷ್ಟು ದಿನದಿಂದ?” ಎಂದು ಹೆಂಡತಿ ಥಟ್ಟನೆ ಕೇಳಿದಳು. “ಅವರು ಬದುಕಿದ್ದಾಗಲೇ?”

ಬಡಗಿ ನಾಲಗೆ ಕಚ್ಚಿಕೊಂಡ. ಯಾರೋ ನಗು ತಡೆಯಲಾರದೆ ಕೆಮ್ಮಿದರು. ಒಂದು ಕ್ಷಣ ಕೋಣೆ ಹಗುರವಾಯಿತು. ಗೆರೆಯಣ್ಣ ಎದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಕ್ಕಿರುತ್ತಿದ್ದ.

ಮಗಳೇ ಕೊನೆಗೆ ದಾರಿ ಹೇಳಿದಳು. “ಅಪ್ಪನ್ನ ಪೆಟ್ಟಿಗೆಯಿಂದ ತೆಗೆದು, ನಾಲ್ಕು ಜನ ಕೈಯಲ್ಲೇ ಎತ್ಕೊಂಡು ಹೊರಗೆ ಹೋಗೋಣ. ಪೆಟ್ಟಿಗೆ ಖಾಲಿ ಆದ್ರೆ ನಿಲ್ಲಿಸಿ, ಹೊರಳಿಸಿ ಹೇಗೋ ತರಬಹುದು. ಬೀದೀಲಿ ಮತ್ತೆ ಮಲಗಿಸಿದ್ರಾಯ್ತು.”

ಎಲ್ಲರಿಗೂ ಸರಿ ಅನಿಸಿತು. ಬಡಗಿ ಮುಚ್ಚಳಕ್ಕೆ ಕೈಹಾಕಿದ.

“ಬೇಡ,” ಎಂದಳು ಹೆಂಡತಿ. “ಓಣಿಯ ಆ ತಿರುವಿನಲ್ಲಿ ಮಡಚದೆ ಅವರು ತಿರುಗಲ್ಲ. ಅವರನ್ನ ಇನ್ನೊಂದು ಸಲ ಮಡಚಲ್ಲ.”

ಆ ಮಾತಿನ ಅರ್ಥ ಅಲ್ಲಿ ತಿಳಿದಿದ್ದವರು ಅವಳೂ ಮಗಳೂ ಇಬ್ಬರೇ.

* * *

ಮದುವೆಯಾದ ಹೊಸತರಲ್ಲಿ ಗಂಡಹೆಂಡತಿ ಇದ್ದದ್ದು ಸೋರುವ ತಗಡಿನ ಒಂದು ಬಾಡಿಗೆ ಕೋಣೆಯಲ್ಲಿ. ಸ್ವಂತ ಮನೆ ಕಟ್ಟಬೇಕು ಎಂದು ಅವಳು ದಿನಾ ತಲೆ ತಿನ್ನುತ್ತಿದ್ದಳು. ಅವನು ಹೂಂಗುಟ್ಟುತ್ತಿದ್ದ. ಒಂದು ಮಧ್ಯಾಹ್ನ, ಕೊಂಡಿಟ್ಟ ಖಾಲಿ ಜಾಗಕ್ಕೆ ಬಾ ಎಂದು ಹೇಳಿಕಳಿಸಿದ. ಹೋಗಿ ನೋಡಿದರೆ ಒಂದು ಉದ್ದನೆಯ ಟ್ರೈಲರ್, ಅದರ ಮೇಲೆ ಕಬ್ಬಿಣದ ಒಂದು ಕೋಣೆ, ಕೋಣೆಯ ಬಾಗಿಲಲ್ಲಿ ಇವನು ರಾಜನ ಹಾಗೆ ನಿಂತಿದ್ದ.

“ಏನ್ರೀ ಇದು?”

“ಮನೆ.”

“ಇದು ಡಬ್ಬಿ!”

“ಹಡಗಿನ ಮೂರನೇ ಇಂಜಿನಿಯರ್ ಮಲಗ್ತಿದ್ದ ಡಬ್ಬಿ ಕಣೇ. ಪ್ರಪಂಚದ ಸಮುದ್ರ ಎಲ್ಲಾ ಸುತ್ತಿ ಬಂದಿದೆ. ನಮ್ಮ ಯಾವ ನೆಂಟರ ಮನೆ ಅಷ್ಟು ಸುತ್ತಿದೆ ಹೇಳು?”

ಆ ಊರಿನಲ್ಲಿ ಹಡಗಿನ ಸಾಮಾನು ಇಲ್ಲದ ಮನೆಯೇ ಇಲ್ಲ. ಒಬ್ಬರ ಮನೆಯಲ್ಲಿ ಹಡಗಿನ ಬಾಗಿಲು, ಇನ್ನೊಬ್ಬರಲ್ಲಿ ಹಡಗಿನ ಕುರ್ಚಿ. ಶಾಲೆಯ ಗಂಟೆ ಕೂಡ ಹಡಗಿನದೇ. ಆದರೆ ಇಡೀ ಕೋಣೆಯನ್ನೇ ಮನೆಗೆ ತಂದವನು ಇವನೊಬ್ಬ. ಕ್ರೇನಿನಲ್ಲಿ ಇಳಿಸಿ ಕೂರಿಸಿದ. ಅದರ ಎರಡು ಬದಿಗೆ ಅಡುಗೆಮನೆ, ನಡುಮನೆ ಇಟ್ಟಿಗೆಯಲ್ಲಿ ಎದ್ದವು. ಜಾಗ ಸಾಲದೆ, ಕೋಣೆಯ ಬಾಗಿಲಿಗೂ ನಡುಮನೆಗೂ ನಡುವೆ ಒಬ್ಬರು ನಡೆಯುವಷ್ಟು ಓಣಿ, ಅದಕ್ಕೊಂದು ತಿರುವು ಉಳಿಯಿತು. ಹಿಂಬದಿಯ ಕಬ್ಬಿಣದ ಗೋಡೆ ನೇರ ಬೀದಿಗೆ.

ಅವಳು ಒಳಗೆ ಬಂದು ಸುತ್ತ ನೋಡಿದಳು. “ಕಿಟಕಿ ಎಲ್ಲಿ?”

ಹಡಗಿನ ಹೊಟ್ಟೆಯೊಳಗಿನ ಕೋಣೆ ಅದು, ಕಿಟಕಿ ಎಲ್ಲಿಂದ ಬರಬೇಕು? ಅವನು ಕಿವಿಯ ಮೇಲಿದ್ದ ಸೀಮೆಸುಣ್ಣ ತೆಗೆದು ಹಿಂದಿನ ಗೋಡೆಯ ಮೇಲೆ ಒಂದೇ ಉಸಿರಿಗೆ ಚೌಕ ಎಳೆದ. ಅಳತೆಪಟ್ಟಿ ಇಲ್ಲ, ಏನಿಲ್ಲ; ನಾಲ್ಕು ಮೂಲೆಯೂ ಕಡೆದಿಟ್ಟ ಹಾಗೆ ಬಂತು. “ಇಗೋ ಇಲ್ಲಿ. ನಾಳೆ ಕತ್ತರಿಸಿದ್ರಾಯ್ತು.”

ಆ ನಾಳೆ ಬರಲೇ ಇಲ್ಲ. ಅವಳು ಸಿಟ್ಟು ಮಾಡಿದಳು, ಮುಖ ಊದಿಸಿಕೊಂಡಳು, ತವರಿಗೆ ಹೋಗಿ ಬೇಸರವಾಗಿ ತಾನೇ ವಾಪಸು ಬಂದಳು. ಕೊನೆಗೆ ಅವನ ಮರ್ಯಾದೆ ತೆಗೆಯಲೆಂದೇ ಆ ಗೆರೆಯ ಕಿಟಕಿಗೆ ಹಳದಿ ಹೂವಿನ ಒಂದು ಪರದೆ ಹೊಲಿದು ಹಾಕಿದಳು. ಬಂದ ನೆಂಟರು ಪರದೆ ಸರಿಸಿ, ಕಬ್ಬಿಣ ನೋಡಿ, ಬೆರಗಾಗಿ ಅವನ ಮುಖ ನೋಡುತ್ತಿದ್ದರು.

ಅವನಿಗೆ ನಾಚಿಕೆಯಾಗುವುದಿರಲಿ, ಅದೇ ಒಂದು ಆಟವಾಯಿತು. ದಿನಾ ಬೆಳಿಗ್ಗೆ ಎದ್ದು ಪರದೆ ಸರಿಸಿ, ಗೋಡೆಯನ್ನು ಕಣ್ಣು ಕಿರಿದು ಮಾಡಿ ನೋಡಿ, “ಇವತ್ತು ಮೋಡ ಕವಿದಿದೆ ಕಣೇ,” ಎನ್ನುತ್ತಿದ್ದ.

“ಛತ್ರಿ ತಗೊಂಡು ಹೋಗಿ,” ಎಂದು ಅವಳು ಅಡುಗೆಮನೆಯಿಂದ ಕೂಗುತ್ತಿದ್ದಳು. ಮೊದಮೊದಲು ಅದು ಬೈಗುಳವಾಗಿತ್ತು. ಯಾವಾಗ ಬೈಗುಳವಾಗಿ ಉಳಿಯಲಿಲ್ಲವೋ ಅವಳಿಗೇ ತಿಳಿಯದು.

ಒಂದು ಸಲ ಮಾತ್ರ ಅವಳು ಹಟ ಹಿಡಿದು, ಅವನಿಲ್ಲದ ಹೊತ್ತಿನಲ್ಲಿ ಅವನ ಶಿಷ್ಯ ಕಟರನನ್ನೇ ಕರೆಸಿದ್ದಳು. ಗ್ಯಾಸಿನ ಬೆಂಕಿಯಲ್ಲಿ ಕಬ್ಬಿಣ ಕತ್ತರಿಸುವುದು ಅವನ ಕೆಲಸ. ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಅವನು ಸಿಲಿಂಡರ್ ತಂದು, ಪೈಪು ಬಿಚ್ಚುವಷ್ಟರಲ್ಲಿ ಗೆರೆಯಣ್ಣ ಬಂದುಬಿಟ್ಟ. ಬೈಯಲಿಲ್ಲ. ಗೋಡೆಗೆ ಅಡ್ಡ ನಿಂತು “ಬೇಡ ಕಣೋ,” ಎಂದ, ಅಷ್ಟೇ.

ಆ ಸಂಜೆ ಅವಳು ಮಾತು ಬಿಟ್ಟಿದ್ದಳು. ಅವನೇ ಬಂದು ಪಕ್ಕದಲ್ಲಿ ಕೂತ.

“ಬೆಳಗಾದ್ರೆ ಇಲ್ಲಿ ಕತ್ತರ್ಸಿ, ಅಲ್ಲಿ ಕತ್ತರ್ಸಿ ಅಂತ ಗೆರೆ ಎಳೀತೀನಿ. ಅಷ್ಟಷ್ಟು ದೊಡ್ಡ ಹಡಗು, ನೋಡ್ತಾ ನೋಡ್ತಾ ಇಲ್ಲದ ಹಾಗೆ ಆಗ್ಬಿಡುತ್ತೆ. ಸಂಜೆ ಬಂದು ಬಾಗಿಲು ಹಾಕ್ಕೊಂಡಾಗ, ಇದೊಂದು ಇಡಿಯಾಗಿ ಉಳೀತಲ್ಲ ಅಂತ ಒಂದು ಸಮಾಧಾನ. ನಾನಿರೋ ತನಕ ಇರ್ಲಿ ಬಿಡೇ.”

ಅವಳಿಗೆ ಆ ಮನುಷ್ಯನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ತೋರಿಸಿಕೊಳ್ಳಬಾರದೆಂದು ಎದ್ದು ಹೋಗಿ ಪಾತ್ರೆ ತೊಳೆದಳು.

* * *

“ಅಮ್ಮ, ಹೊತ್ತಾಗ್ತಿದೆ,” ಎಂದಳು ಮಗಳು. “ಬೀದಿ ತುಂಬ ಜನ ನಿಂತಿದ್ದಾರೆ.”

“ನಿಲ್ಲಲಿ.”

“ಚಾವಣಿ ಬಿಚ್ಚಿ, ಮೇಲಿಂದ ಎತ್ತಿಬಿಡೋಣ್ವಾ ಅತ್ತಿಗೆ?” ಎಂದ ಕ್ರೇನ್ ಡ್ರೈವರ್. “ಯಾರ್ಡಿಗೆ ಹೋಗಿ ಕ್ರೇನ್ ತಂದ್ಬಿಡ್ತೀನಿ.”

“ಸುಮ್ನಿರೋ ಮಾರಾಯ,” ಎಂದು ಬಡಗಿ ಅವನ ಮೇಲೆ ಹರಿಹಾಯ್ದ. “ಹೊರೋದು ಹೆಣ, ಎಂಜಿನ್ ಅಲ್ಲ.”

ಕಟರ್ ಮಾತ್ರ ಮೂಲೆಯಲ್ಲಿ ನಿಂತಿದ್ದ. ಈಗ ಅವನ ಮೀಸೆಯೂ ಬೆಳ್ಳಗಾಗಿತ್ತು. ಕಬ್ಬಿಣದ ಗೋಡೆಯನ್ನೇ ನೋಡುತ್ತಿದ್ದ, ಆದರೆ ಅದನ್ನು ಕತ್ತರಿಸುವ ಮಾತು ತನ್ನ ಬಾಯಿಂದ ಬರಬಾರದೆಂದು ಹಲ್ಲು ಕಚ್ಚಿಕೊಂಡಿದ್ದ. ಒಮ್ಮೆ ಬೇಡ ಅನ್ನಿಸಿಕೊಂಡಿದ್ದು ಅವನಿಗೆ ನೆನಪಿತ್ತು.

ಮಗಳು ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತು ದನಿ ತಗ್ಗಿಸಿದಳು. “ನನಗೂ ಇಷ್ಟ ಇಲ್ಲಮ್ಮ. ಆ ಕುರ್ಚಿ ಹಿಡಿದವಳು ನಾನೇ ಅಲ್ವಾ? ಆದ್ರೆ ಬೇರೆ ದಾರಿ ಎಲ್ಲಿದೆ ಹೇಳು.”

ಅಮ್ಮ ಬೆನ್ನ ಹಿಂದಿನ ಪರದೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

* * *

ಕೊನೆಯ ವರ್ಷ ಅವನ ಕಾಲು ಬಿದ್ದುಹೋಯಿತು. ಎತ್ತರದ ಆಳು, ಮಂಚದ ತುದಿಯಿಂದ ಪಾದ ಹೊರಗೆ ಬರುವಷ್ಟು ಉದ್ದ. ಆಸ್ಪತ್ರೆಗೆ ಒಯ್ಯಬೇಕಾದಾಗಲೆಲ್ಲ ಓಣಿಯ ತಿರುವಿನಲ್ಲಿ ಸ್ಟ್ರೆಚರ್ ತಿರುಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಮೊಣಕಾಲನ್ನು ಎದೆಗೆ ಒತ್ತಿ ಹಿಡಿದು, ಕುರ್ಚಿಯನ್ನು ಓರೆ ಮಾಡಿ ದಾಟಿಸಬೇಕು. ಮಗಳು ಮುಂದೆ, ಅಮ್ಮ ಹಿಂದೆ. ನಡುಮನೆಗೆ ಮಂಚ ಹಾಕುತ್ತೇವೆ ಎಂದರೆ ಅವನು ಒಪ್ಪಲಿಲ್ಲ; ತನ್ನ ಕೋಣೆಯೇ ಬೇಕು. ಆದರೆ ಆ ತಿರುವು ದಾಟುವಾಗ ಕಣ್ಣು ಮುಚ್ಚಿಬಿಡುತ್ತಿದ್ದ. ನೋವಿಗಲ್ಲ, ನಾಚಿಕೆಗೆ.

“ಹಾಸಿಗೆ ಮಡಚಿದ ಹಾಗೆ ಮಡಚ್ತೀರಲ್ಲೇ ನನ್ನ,” ಎಂದ ಒಂದು ದಿನ. “ಕೊನೇ ಸಲ ಮಾತ್ರ ಮಡಚಬೇಡಿ. ನೆಟ್ಟಗೆ ಕಳಿಸ್ಕೊಡಿ.”

“ಆಯ್ತು. ಈಗ ಗಂಜಿ ಕುಡೀರಿ,” ಎಂದಿದ್ದಳು.

ಸಮುದ್ರದ ಉಪ್ಪುಗಾಳಿಗೆ ಆ ಕೋಣೆಗೆ ಆಗಾಗ ಬಣ್ಣ ಬಳಿಯದಿದ್ದರೆ ತುಕ್ಕು ತಿನ್ನುತ್ತದೆ. ಪ್ರತಿ ಸಲ ಅವನೇ ಬಳಿದು, ಬಣ್ಣದಡಿ ಮುಚ್ಚಿಹೋದ ಕಿಟಕಿಯನ್ನು ಮತ್ತೆ ಅವನೇ ಬರೆಯುತ್ತಿದ್ದ. ಈ ಸಲ ಅವಳು ಬಳಿದಳು. ಮುಗಿದ ಮೇಲೆ ಅವನು ದಿಂಬಿನಡಿಯಿಂದ ಸೀಮೆಸುಣ್ಣ ತೆಗೆದು ಕೊಟ್ಟ.

“ನಾನು ಹೇಳ್ತೀನಿ, ನೀನು ಎಳಿ. ಮೇಲಿನ ಗೆರೆ ಮೊದಲು. ಇನ್ನೂ ಮೇಲೆ. ಎಡಕ್ಕೆ. ಎಡ ಅಂದ್ರೆ ಎಡ ಕಣೇ, ಅದು ಬಲ!”

“ಯಾರ್ಡಿನಲ್ಲೂ ಹೀಗೇ ಕೂಗ್ತಿದ್ರಾ? ಪಾಪ ಅವರು.”

“ಅವರಿಗೆ ಎಡ ಬಲ ಗೊತ್ತಿತ್ತು. ಹೂಂ, ಈಗ ಕೆಳಗೆ ಇಳಿ. ಇನ್ನೂ ಕೆಳಗೆ. ನೆಲದ ತನಕ.”

ಅವಳು ತಿರುಗಿ ನೋಡಿದಳು. “ನೆಲದ ತನಕ ಯಾವ ಕಿಟಕಿ ಇರುತ್ತೆ?”

“ಎಳಿಯೇ. ಅಗಲ, ಮೂರು ಜನ ಪಕ್ಕಪಕ್ಕ ನಡೆಯೋಷ್ಟು.”

“ಕಿಟಕೀಲಿ ಮೂರು ಜನ ಯಾಕ್ರೀ ನಡೀತಾರೆ?” ಎಂದು ನಗುತ್ತಲೇ ಕೇಳಿದಳು. ಅವನು ಬಾಗಿಲಾಚೆಯ ಓಣಿಯ ತಿರುವನ್ನು ನೋಡಿದ. ಅವಳ ನಗು ಹಾಗೇ ನಿಂತಿತು. ನಡುವೆ ಪೆಟ್ಟಿಗೆ, ಆಚೆಗೊಬ್ಬ, ಈಚೆಗೊಬ್ಬ. ಸೀಮೆಸುಣ್ಣ ಹಿಡಿದ ಕೈ ಕೆಳಗೆ ಬಂತು.

“ನನಗೆ ಕಿಟಕಿ ಬೇಡ,” ಎಂದಳು.

“ಇಷ್ಟು ವರ್ಷ ಪ್ರಾಣ ತಿಂದೆಯಲ್ಲ?”

“ಈಗ ಬೇಡ ಅಂತಿದೀನಲ್ಲ. ಇಡಿಯಾಗಿ ಇರ್ಲಿ ಅಂದವರು ನೀವೇ.”

“ನಾನಿರೋ ತನಕ ಅಂದಿದ್ದು,” ಎಂದ ಅವನು ಮೆಲ್ಲಗೆ.

ಕೊನೆಯ ಗೆರೆಯನ್ನು ಅವಳು ಕಣ್ಣೀರಿನಲ್ಲಿ ಎಳೆದಳು. ಅದು ನಡುವಿನಲ್ಲಿ ಹೊಟ್ಟೆ ಬಿಟ್ಟುಕೊಂಡು ಸೊಟ್ಟಗೆ ಇಳಿಯಿತು. ಕೂದಲೆಳೆಯ ವ್ಯತ್ಯಾಸವಾದರೂ ಒರೆಸಿ ಮತ್ತೆ ಎಳೆಯುತ್ತಿದ್ದವನು, ಆ ಸೊಟ್ಟ ಗೆರೆಯನ್ನು ಮಂಚದಿಂದ ನೋಡಿಯೂ ತಿದ್ದಲಿಲ್ಲ. ಅವಳು ಪರದೆಗೆ ಹಳೆಯ ಹೊದಿಕೆಯೊಂದನ್ನು ಜೋಡಿಸಿ ಹೊಲಿದು, ನೆಲದ ತನಕ ಉದ್ದ ಮಾಡಿ, ಎಲ್ಲವನ್ನೂ ಮುಚ್ಚಿಬಿಟ್ಟಳು. ಆಮೇಲೆ ಇಬ್ಬರೂ ಅದರ ಮಾತೆತ್ತಲಿಲ್ಲ. ಬೆಳಿಗ್ಗೆ ಮಾತ್ರ ಹೊರಗೆ ಹೇಗಿದೆ ಎಂದು ಮಂಚದಿಂದಲೇ ಅವನು ಕೇಳುತ್ತಿದ್ದ, ಅವಳು ಪರದೆ ಮುಟ್ಟದೆಯೇ ಹೇಳುತ್ತಿದ್ದಳು: “ಬಿಸಿಲು ಚೆನ್ನಾಗಿದೆ.”

* * *

ಹೆಂಡತಿ ಎದ್ದು ನಿಂತಳು. ಮಂಡಿ ಹಿಡಿದಿತ್ತು; ಮಗಳು ಕೈ ಕೊಟ್ಟಳು. ನಿಂತವಳು ಪರದೆಯನ್ನು ಸರಿಸಲಿಲ್ಲ, ಕಂಬಿಯ ಸಮೇತ ಕಿತ್ತು ತೆಗೆದಳು.

ಎಲ್ಲರೂ ನೋಡಿದರು. ನೆಲದಿಂದ ಎದ್ದು, ಆಳೆತ್ತರ ದಾಟಿ ಹೋಗಿ, ಮತ್ತೆ ನೆಲಕ್ಕೆ ಇಳಿದ ಬಿಳಿ ಗೆರೆ. ಕಟರ್ ಹತ್ತಿರ ಬಂದು ಅದನ್ನು ಮುಟ್ಟದೆ ಬೆರಳಿಂದ ಅನುಸರಿಸಿ ಹೋದ.

“ಇದು ಅಣ್ಣನ ಕೈಯಲ್ಲ.”

“ಕೈ ನಂದು,” ಎಂದಳು ಹೆಂಡತಿ. “ಮಾತು ಅವರದು.”

ಕಟರ್ ಸೊಟ್ಟಗೆ ಇಳಿದ ಬದಿಯ ಹತ್ತಿರ ಬೆರಳು ತಂದ. “ಈ ಕಡೆ ಸ್ವಲ್ಪ ಸೊಟ್ಟ ಇದೆ ಅತ್ತಿಗೆ. ನೇರ ಮಾಡ್ಕೊಳ್ಲಾ?” ಎಂದ.

“ಸೊಟ್ಟಾನೇ ಕತ್ತರ್ಸು.”

ಆಮೇಲೆ ಯಾರಿಗೂ ಯಾರೂ ಏನೂ ಹೇಳಬೇಕಾಗಲಿಲ್ಲ. ಅಷ್ಟು ಹೊತ್ತು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದವರಿಗೆ ಗೊತ್ತಿದ್ದ ಕೆಲಸ ಸಿಕ್ಕಿತು. ಕ್ರೇನ್ ಡ್ರೈವರ್ ಓಡಿಹೋಗಿ ಕೈಗಾಡಿಯಲ್ಲಿ ಸಿಲಿಂಡರುಗಳನ್ನು ತಂದ. ಬಡಗಿ ಗೋಣಿಚೀಲಗಳನ್ನು ನೀರಲ್ಲದ್ದಿ ಪೆಟ್ಟಿಗೆಯ ಮೇಲೆ ಹೊದಿಸಿದ, ಕಿಡಿ ಬಿದ್ದರೂ ಮರ ಸುಡದ ಹಾಗೆ. ಮಗಳು ಬೀದಿಗೆ ಹೋಗಿ ಜನರ ನಡುವೆ ನಿಂತು, “ಹಿಂದೆ ಸರೀರಿ, ಹಿಂದೆ ಜಾಗ ಇದೆ, ಸರೀರಿ,” ಎಂದು ಬಸ್ಸಿನ ದನಿಯಲ್ಲಿ ಕೂಗಿದಳು. ಅಳುತ್ತಿದ್ದವರೂ ಅಭ್ಯಾಸಬಲದಿಂದ ಹಿಂದೆ ಸರಿದರು.

ಮುಚ್ಚಿದ ಕೋಣೆಯೊಳಗೆ ಗ್ಯಾಸು ಹೊತ್ತಿಸುವಂತಿಲ್ಲ; ಬೆಂಕಿ ಹಿಡಿಯಬೇಕಾದ್ದು ಹೊರಗಿನಿಂದ, ಗೆರೆ ಇದ್ದದ್ದು ಒಳಗೆ. ಹಡಗಿನ ಟ್ಯಾಂಕುಗಳಲ್ಲಿ ಅದಕ್ಕೊಂದು ಕ್ರಮವಿತ್ತು. ಗೆರೆಯಣ್ಣ ಒಳಗಿನಿಂದ ಸುತ್ತಿಗೆಯಲ್ಲಿ ಗೆರೆಯುದ್ದಕ್ಕೂ ಬಡಿಯುತ್ತಾ ಹೋಗುತ್ತಿದ್ದ. ಕಟರ್ ಹೊರಗೆ ಕಿವಿಗೊಟ್ಟು, ಸದ್ದು ಬಂದಲ್ಲೆಲ್ಲ ಸುಣ್ಣ ಎಳೆದುಕೊಳ್ಳುತ್ತಿದ್ದ. ಅದನ್ನು ನೆನೆದು ಕಟರ್ ಬೀದಿಯಿಂದ ಕೂಗಿದ, “ಒಳಗೆ ಯಾರು ಬಡೀತೀರಿ?”

“ನಾನು,” ಎಂದು ಹೆಂಡತಿ ಬಡಗಿಯ ಕೈಯಿಂದ ಸುತ್ತಿಗೆ ತೆಗೆದುಕೊಂಡಳು.

ನೆಲದಿಂದ ಶುರು ಮಾಡಿದಳು. ಟಣ್, ಟಣ್. ಆಚೆಯಿಂದ ಕಟರ್ “ಹೂಂ,” ಎಂದ. ಅವಳು ಒಂದು ಗೇಣು ಮೇಲೆ ಹೋದಳು. ಟಣ್. “ಹೂಂ.” ತಲೆಯ ಮೇಲಿನ ಗೆರೆಗೆ ಕೈ ಎಟುಕದಾಗ ಮಂಚದ ಮೇಲೆ ಹತ್ತಿ ನಿಂತಳು. ಬಡಗಿ ಬಿದ್ದುಬಿಡುತ್ತಾಳೆಂದು ಹೆದರಿ ಅವಳ ಕಾಲಬಳಿ ಕೈ ಚಾಚಿಕೊಂಡೇ ನಿಂತಿದ್ದ. ಸೊಟ್ಟ ಗೆರೆಯ ಹತ್ತಿರ ಬಂದಾಗ ಅವಳ ಬಡಿತ ನಿಧಾನವಾಯಿತು. ಒಂದೊಂದು ಬೆರಳಗಲಕ್ಕೂ ಒಂದೊಂದು ಪೆಟ್ಟು ಹಾಕುತ್ತಾ, ಆ ಬಾಗಿನಲ್ಲಿ ಎಲ್ಲೂ ತಪ್ಪದ ಹಾಗೆ ಇಳಿದಳು. ಆಚೆಯವನೂ ಪ್ರತಿಯೊಂದಕ್ಕೂ ಹೂಂಗುಟ್ಟಿದ.

ಎರಡೂ ಕಡೆ ಗೆರೆ ಉಳಿಸಿಕೊಂಡು ಅದರ ಪಕ್ಕದ ಬಣ್ಣ ಕೆರೆದರು. ಪೆಟ್ಟಿಗೆಯನ್ನು ಈಚೆ ಬದಿಗೆ ಎಳೆದರು. ಎಲ್ಲರೂ ಓಣಿಗೆ ಹೋದ ಮೇಲೂ ಹೆಂಡತಿ ಹೋಗಲಿಲ್ಲ. ಬಡಗಿ ಬೈದುಕೊಂಡೇ ಅವಳ ತಲೆಗೂ ಒಂದು ಒದ್ದೆ ಗೋಣಿ ಹೊದಿಸಿ ಹೋದ. ಅವಳು ಪೆಟ್ಟಿಗೆಯ ಪಕ್ಕ ಕೂತಳು.

ಹೊರಗೆ ಬೆಂಕಿ ಸುಯ್ಗುಟ್ಟಿತು. ಗೋಡೆಯ ಬುಡದಲ್ಲಿ ಒಂದು ಚುಕ್ಕೆ ಕೆಂಪಾಯಿತು, ಬೆಳ್ಳಗಾಯಿತು, ತೂತಾಯಿತು. ಅಲ್ಲಿಂದ ಅದು ಗೆರೆಯನ್ನು ಹಿಡಿದು ನಡೆಯತೊಡಗಿತು. ಕಿಡಿಗಳು ಒಳಗೆ ಚಿಮ್ಮಿ ನೆಲದ ಮೇಲೆ ಉರುಳಿ ಆರುತ್ತಿದ್ದವು. ಅದು ನಡೆದಲ್ಲೆಲ್ಲ ಸೀಮೆಸುಣ್ಣ ಇಲ್ಲವಾಗಿ, ಅದರ ಜಾಗದಲ್ಲಿ ದಾರದಷ್ಟು ಹಗಲು ಕಾಣಿಸುತ್ತಿತ್ತು. ಅವಳು ಒದ್ದೆ ಗೋಣಿಯ ಮೇಲೆ ಕೈಯಿಟ್ಟು, “ಸರಿಯಾಗೇ ಬರ್ತಿದಾನೆ ಕಣ್ರೀ ನಿಮ್ಮ ಶಿಷ್ಯ,” ಎಂದಳು.

ನೆಲದ ಬುಡವೂ ಕತ್ತರಿಸಿ ಮುಗಿದಾಗ, ಹಗ್ಗ ಕಟ್ಟಿದ್ದ ತಗಡನ್ನು ಹೊರಗಿನವರು ಮೆಲ್ಲಗೆ ಬೀದಿಗೆ ಒರಗಿಸಿ ಇಳಿಸಿದರು. ಕೋಣೆ ಆ ಜಾಗಕ್ಕೆ ಬಂದ ಮೇಲೆ ಮೊದಲ ಸಲ ಬಿಸಿಲು ಅಷ್ಟಗಲ ಒಳಗೆ ಬಂತು. ಮಂಚದ ಕೆಳಗಿನ ಧೂಳು, ಗೋಡೆಗೆ ಅವನ ತಲೆ ತಾಗಿ ತಾಗಿ ಆದ ಎಣ್ಣೆಯ ಕಲೆ, ಎಲ್ಲವೂ ಕಂಡಿತು. ಅವಳಿಗೆ ಯಾರೋ ಹೇಳದೆ ಕೇಳದೆ ಒಳಗೆ ಬಂದ ಹಾಗಾಗಿ ಸೆರಗಿನಿಂದ ಕಣ್ಣು ಮರೆಮಾಡಿಕೊಂಡಳು.

ಅಂಚಿಗೆ ನೀರು ಸುರಿದರು, ಹಬೆ ಎದ್ದಿತು. ಬಡಗಿ, ಕಟರ್, ಕ್ರೇನ್ ಡ್ರೈವರ್, ಇನ್ನೂ ಕೆಲವರು ಒಳಗೆ ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟರು. ಮಗಳು ಮುಂದಿನ ಬದಿ ಹಿಡಿದಳು. ಓರೆ ಮಾಡಲಿಲ್ಲ, ತಿರುಗಿಸಲಿಲ್ಲ, ಯಾರ ಬೆನ್ನೂ ಬಾಗಲಿಲ್ಲ. ಆಚೆಗೆ ಈಚೆಗೆ ಆಳು ನಡೆದರೂ ಬೆರಳಷ್ಟು ಜಾಗ ಉಳಿಯಿತು. ಗೆರೆಯಣ್ಣ ನೆಟ್ಟಗೆ ಬೀದಿಗೆ ಹೋದ.

ಜನ ಅವನ ಹಿಂದೆ ಹೊರಟರು. ಸ್ವಲ್ಪ ದೂರ ಹೋಗಿ ಮಗಳು ತಿರುಗಿ ನೋಡಿದಳು. ಅಮ್ಮ ಬಂದಿರಲಿಲ್ಲ. ಗೋಡೆಯ ತೆರವಿನಲ್ಲಿ, ಸೊಟ್ಟಗೆ ಇಳಿದ ಬದಿಗೆ ಅಂಗೈ ಒತ್ತಿಕೊಂಡು ನಿಂತಿದ್ದಳು. ನೀರು ಬಿದ್ದಿದ್ದರೂ ಕಬ್ಬಿಣ ಇನ್ನೂ ಬೆಚ್ಚಗಿತ್ತು, ಆಗಷ್ಟೇ ಎದ್ದುಹೋದವರ ಹಾಸಿಗೆಯ ಹಾಗೆ.

“ಅಮ್ಮ, ಬಾ!” ಎಂದು ಮಗಳು ಕೂಗಿದಳು.

“ಬಂದೆ ಕಣೇ,” ಎಂದಳು ಅವಳು, ಕೈ ತೆಗೆಯದೆ. “ಇದು ಆರಲಿ, ಬಂದೆ.”